ಕಲ್ಲಿಗೂ ಒಂದು ಖಾತೆ ಪುಸ್ತಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಗೋದಾಮಿನ ಮುಂದಿನ ಚಪ್ಪರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಈ ಚಪ್ಪರದಲ್ಲಿ ಬೆಳೆಸಾಲದ ಮಾತಾಯಿತು, ಗೊಬ್ಬರದ ಮಾತಾಯಿತು, ಬಿತ್ತನೆ ಶೇಂಗಾದ ಮಾತೂ ಆಯಿತು. ಈಗ ಊಟದ ಹೊತ್ತು. ಅತ್ತ ಒಲೆಯ ಮೇಲೆ ಸಾರು ಕುದಿಯುತ್ತಿರುವ ವಾಸನೆ ನಮಗೂ ಬರುತ್ತಿದೆ, ನಿಮಗೂ ಬರುತ್ತಿದೆ. ಇಂಥ ಹೊತ್ತಿನಲ್ಲಿ ಕಲ್ಲಿನ ವಿಷಯ ಮಾತನಾಡಿ ಎಂದು ನಮ್ಮನ್ನು ನಿಲ್ಲಿಸಿದ್ದಾರೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ಎಲೆ ಬಿಟ್ಟು ಏಳುವ ಜನ ನೀವು. ಊಟಕ್ಕೆ ಮೊದಲೇ ಕಲ್ಲು ಬಡಿಸುತ್ತಿದ್ದೇವೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾವು, ನಾವು ಅಂತ ಮಾತನಾಡುವುದು ದೊಡ್ಡಸ್ತಿಕೆಗೆ ಅಲ್ಲ. ಕಲ್ಲು ಕೂಡಿಟ್ಟವರು ಮನೆಯಲ್ಲಿ ಇಬ್ಬರು. ಮೇಷ್ಟ್ರು ಹೊತ್ತು ತಂದದ್ದು ಅರ್ಧ, ಟೀಚರಮ್ಮ ಹೊತ್ತು ತಂದದ್ದು ಅರ್ಧ. ಮಾಡಿದ ತಪ್ಪಿನಲ್ಲೂ ಇಬ್ಬರಿಗೂ ಸಮಪಾಲು. ಆದ್ದರಿಂದ ಮಾತನಾಡುವ ಬಾಯಿ ಒಂದಾದರೂ ಮಾತು ಇಬ್ಬರದು.

ನಮ್ಮ ಮನೆಯ ಪಡಸಾಲೆಯನ್ನು ಊರಿನವರು 'ಕಲ್ಲಿನ ಮನೆ' ಅನ್ನುತ್ತಾರೆ. ಪತ್ರ ಬರೆಯುವವರು 'ಖಾಸಗಿ ವಸ್ತು ಸಂಗ್ರಹಾಲಯ' ಎಂದು ಬರೆಯುತ್ತಾರೆ. ಅಲ್ಲಿರುವುದು ಒಂದು ಕಬ್ಬಿಣದ ಬೀರು, ಎರಡು ಮರದ ಕಪಾಟು, ಗೋಡೆಯುದ್ದಕ್ಕೆ ಒಂದು ಹಲಗೆ. ಆ ಬೀರು ಈ ಸಂಘದ್ದೇ. ಸಂಘಕ್ಕೆ ಹೊಸ ಬೀರು ಬಂದಾಗ ಹಳೆಯದನ್ನು ಹರಾಜು ಹಾಕಿದರು, ನಾವು ಕೂಗಿ ಕೊಂಡೆವು. ಅದರ ಬಾಗಿಲ ಒಳಗೆ 'ಗೊಬ್ಬರ ದಾಸ್ತಾನು' ಎಂದು ಬಣ್ಣದಲ್ಲಿ ಬರೆದದ್ದು ಇಂದಿಗೂ ಹಾಗೇ ಇದೆ. ನೋಡಲು ಬಂದವರು ಅದನ್ನು ಓದಿ ನಗುತ್ತಾರೆ. ನಗಲಿ ಅಂತಲೇ ನಾವು ಅಳಿಸಿಲ್ಲ.

ಶುರುವಾದದ್ದು ಹೀಗೆ. ಒಂದು ಮುಂಗಾರಿಗೆ ಮೊದಲು, ಹೊಲ ಉಳುವಾಗ ಸಿಕ್ಕಿತು ಅಂತ ರೈತರೊಬ್ಬರು ಟವೆಲ್ಲಿನಲ್ಲಿ ಕಟ್ಟಿಕೊಂಡು ಒಂದು ಕಲ್ಲು ತಂದರು. ಅಂಗೈ ಅಗಲ, ಕರಿಯ ಬಣ್ಣ. ಒಂದು ತುದಿ ಮೊಂಡು, ಇನ್ನೊಂದು ತುದಿ ಕೊಡಲಿಯ ಬಾಯಿಯ ಹಾಗೆ ಚೂಪು.

"ಮೇಷ್ಟ್ರೇ, ಇದು ಸಿಡ್ಲು ಕಲ್ಲು. ಸಿಡ್ಲು ಬಡಿದಾಗ ಭೂಮಿಗೆ ಇಳಿದದ್ದು. ಮನೇಲಿಟ್ರೆ ಇನ್ನೊಂದ್ ಸಿಡ್ಲು ಬಡಿಯಾಕಿಲ್ಲ ಅಂತಾರೆ. ನಮ್ಮನೇಲಿ ಹೆಂಗಸ್ರು ಬ್ಯಾಡ ಅಂದ್ರು, ನೀವು ಇಟ್ಕಳ್ರಿ" ಅಂದರು.

ಕಲ್ಲಿನ ಸಂದಿನಲ್ಲೆಲ್ಲಾ ಬೂದು ಬಣ್ಣದ ಮಣ್ಣು ಹತ್ತಿಕೊಂಡಿತ್ತು. ನಾವು ಏನು ಮಾಡಿದೆವು? ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಹಿತ್ತಾಳೆ ಚೆಂಬು ಬೆಳಗಿದ ಹಾಗೆ ಬೆಳಗಿದೆವು. ಆಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಕಲ್ಲು ಫಳಫಳ ಹೊಳೆಯಿತು. ಕೆಂಪು ಬಟ್ಟೆಯ ಮೇಲೆ ಇಟ್ಟೆವು. ಬಂದವರಿಗೆಲ್ಲಾ ತೋರಿಸಿದೆವು. ಆ ಬೂದು ಮಣ್ಣಿನ ಕಥೆಯನ್ನು ಆಮೇಲೆ ಹೇಳುತ್ತೇವೆ. ಈಗ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಸಾಕು.

ಸಿಡಿಲಿಗೂ ಆ ಕಲ್ಲಿಗೂ ಸಂಬಂಧವಿಲ್ಲ. ಅದು ಮನುಷ್ಯ ಮಾಡಿದ ಕೊಡಲಿ. ಕಬ್ಬಿಣ ಇನ್ನೂ ಗೊತ್ತಿಲ್ಲದ ಕಾಲದಲ್ಲಿ, ಇವತ್ತಿಗೆ ಮೂರು ಸಾವಿರದಿಂದ ಐದು ಸಾವಿರ ವರ್ಷಗಳ ಹಿಂದೆ, ಈ ಸೀಮೆಯಲ್ಲಿ ದನ ಸಾಕಿ ಹುರುಳಿಯಂಥ ಕಾಳುಕಡಿ ಬೆಳೆಯುವುದನ್ನು ಕಲಿಯುತ್ತಿದ್ದ ಜನರ ಕೈಯ ಹತಾರ. ಡಾಲರೈಟ್ ಎಂಬ ಗಟ್ಟಿ ಕರಿಕಲ್ಲನ್ನು ಮೊದಲು ಒಡೆದು ಚಕ್ಕೆ ಎಬ್ಬಿಸುತ್ತಿದ್ದರು. ಆಮೇಲೆ ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಆಕಾರ ಕೊಡುತ್ತಿದ್ದರು. ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ತೇಯ್ದು ಬಾಯಿ ಮಸೆಯುತ್ತಿದ್ದರು. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಇಂಥ ಕೊಡಲಿಗಳನ್ನು ಮಾಡುತ್ತಿದ್ದ ಜಾಗವೇ ಇದೆ. ತೇಯ್ದು ತೇಯ್ದು ಬಂಡೆಯಲ್ಲಿ ಬಿದ್ದ ಗಾಡಿಗಳನ್ನು ಇವತ್ತೂ ಬೆರಳಿಟ್ಟು ಮುಟ್ಟಬಹುದು.

ಒಂದು ಕಲ್ಲು ಬಂದದ್ದೇ ತಡ, ಇನ್ನೊಂದು ಬಂತು. ಕುರಿ ಕಾಯುವ ಹುಡುಗರು ತಂದರು, ಬಾವಿ ತೋಡುವವರು ತಂದರು, ಶಾಲೆಯ ಮಕ್ಕಳು ಜೇಬಿನ ತುಂಬ ತಂದರು. ಕಾಗೆಬಂಗಾರ, ಬೆಣಚುಕಲ್ಲು, ಸಂಡೂರಿನ ಕಬ್ಬಿಣದ ಅದಿರು, ಇಂಗಳದಾಳಿನ ತಾಮ್ರದ ಹಸಿರು ಕಲ್ಲು. ಅರಿಯಲೂರಿನ ಸಿಮೆಂಟ್ ಕಲ್ಲಿನ ಗಣಿ ಕಡೆ ಕೆಲಸಕ್ಕಿದ್ದ ನೆಂಟರೊಬ್ಬರು ಕಲ್ಲಾದ ಕಪ್ಪೆಚಿಪ್ಪು ತಂದುಕೊಟ್ಟರು. ಆ ತಮಿಳು ಸೀಮೆಯಲ್ಲಿ ಏಳೆಂಟು ಕೋಟಿ ವರ್ಷಗಳ ಹಿಂದೆ ಸಮುದ್ರ ಒಳಕ್ಕೆ ನುಗ್ಗಿತ್ತು, ಆಗಿನ ಚಿಪ್ಪುಗಳು ಈಗ ಸುಣ್ಣದಕಲ್ಲಿನಲ್ಲಿ ಸಿಗುತ್ತವೆ. ಪಳೆಯುಳಿಕೆ ಅಂದರೆ ಅದೇ: ಒಂದು ಕಾಲದಲ್ಲಿ ಜೀವ ಇದ್ದದ್ದು, ಮಣ್ಣಿನಲ್ಲಿ ಹೂತು ಕಲ್ಲಾಗಿ ಉಳಿದದ್ದು.

ನಿಮ್ಮಲ್ಲಿ ಕೆಲವರ ಮನೆಯಲ್ಲೂ ಪಳೆಯುಳಿಕೆ ಇದೆ. ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇದ್ದರೆ ನೋಡಿ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಆ ಕರಿಯ ಗುಂಡಿನೊಳಗೆ ಚಕ್ರದಂತೆ ಸುತ್ತಿಕೊಂಡಿರುವುದು ಅಮೊನೈಟ್ ಎಂಬ ಸಮುದ್ರದ ಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರವಿತ್ತು. ಇದನ್ನು ಹೇಳಿದರೆ ಪೂಜೆಗೆ ಭಂಗವೇನೂ ಇಲ್ಲ. ನಮಗಂತೂ ಕೈ ಮುಗಿಯುವಾಗ ಇನ್ನಷ್ಟು ಭಕ್ತಿಯೇ ಬರುತ್ತದೆ.

ಹಾಗಾದರೆ ನಮ್ಮ ಸೀಮೆಯ ಕಲ್ಲಿನಲ್ಲಿ ಪಳೆಯುಳಿಕೆ ಇದೆಯೇ? ಇಲ್ಲಿ ನಮ್ಮ ಮೊದಲನೇ ತಪ್ಪು ಒಪ್ಪಿಕೊಳ್ಳಬೇಕು. ಒಬ್ಬ ಹುಡುಗ ಚಪ್ಪಟೆಯ ಬಿಳಿ ಕಲ್ಲೊಂದನ್ನು ತಂದ. ಅದರ ಮೇಲೆ ಜರೀಗಿಡದ ಎಲೆಯ ಹಾಗೆ ಕಪ್ಪು ಚಿತ್ತಾರ. ನಾವು ಕುಣಿದಾಡಿದೆವು. 'ಕೋಟ್ಯಂತರ ವರ್ಷಗಳ ಹಿಂದಿನ ಸಸ್ಯ' ಎಂದು ದೊಡ್ಡಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆವು. ಎಷ್ಟೋ ವರ್ಷ ಆ ಚೀಟಿ ಮಕ್ಕಳಿಗೆ ಸುಳ್ಳು ಹೇಳಿತು. ಅದು ಎಲೆಯೇ ಅಲ್ಲ! ಮ್ಯಾಂಗನೀಸ್, ಕಬ್ಬಿಣ ಕರಗಿದ ನೀರು ಕಲ್ಲಿನ ಸೀಳಿನೊಳಗೆ ಇಳಿದು ಒಣಗುವಾಗ ಕವಲು ಕವಲಾಗಿ ಹರಡಿ ಬಿಟ್ಟ ಕಲೆ. ಗುರುತು ಹಿಡಿಯುವುದು ಸುಲಭ. ನಿಜವಾದ ಎಲೆಗೆ ನಡುವೆ ನರ ಇರುತ್ತದೆ, ಅದರಿಂದ ಲೆಕ್ಕಕ್ಕೆ ಸರಿಯಾಗಿ ಪಕ್ಕದ ನರಗಳು ಹೊರಡುತ್ತವೆ. ಈ ಕಲೆಗೆ ಅಂಥ ಕಟ್ಟುಪಾಡಿಲ್ಲ, ಮನಸ್ಸು ಬಂದ ಕಡೆ ಹರಡುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದು. ನೆಲದ ಮೇಲೆ ಗಿಡ ಹುಟ್ಟಿದ್ದೇ ಸುಮಾರು 47 ಕೋಟಿ ವರ್ಷಗಳ ಈಚೆಗೆ. ಚಿತ್ರದುರ್ಗ ಸೀಮೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅಜ್ಜಿ ಹುಟ್ಟುವುದಕ್ಕೂ ಮೊದಲಿನ ಫೋಟೋದಲ್ಲಿ ಮೊಮ್ಮಗ ಇರಲು ಸಾಧ್ಯವೇ?

ಅದೇ ರೀತಿ, ಆಕಾಶದಿಂದ ಬಿದ್ದ ಉಲ್ಕೆ ಎಂದು ಬಂದ ಭಾರದ ಕರಿಯ ಗಟ್ಟಿ ಕಬ್ಬಿಣದ ಕಿಟ್ಟವಾಗಿತ್ತು. ಹಿಂದೆ ಅದಿರು ಕಾಯಿಸಿ ಕಬ್ಬಿಣ ತೆಗೆದಾಗ ಉಳಿದ ಗಸಿ ಅದು. ಮೈಯೆಲ್ಲಾ ಗುಳ್ಳೆ ಗುಳ್ಳೆ ತೂತು ಇದ್ದರೆ ಕಿಟ್ಟ ಎಂದು ಮೊದಲು ಅನುಮಾನಿಸಬೇಕು. ಉಲ್ಕೆಯಲ್ಲಿ ಸಾಮಾನ್ಯವಾಗಿ ಹಾಗೆ ಗುಳ್ಳೆ ಇರುವುದಿಲ್ಲ. ಕಿಟ್ಟವೆಂದ ಮಾತ್ರಕ್ಕೆ ಎಸೆಯಬೇಕಾಗಿಲ್ಲ. ಆ ಜಾಗದಲ್ಲಿ ಒಂದು ಕಾಲಕ್ಕೆ ಕುಲುಮೆ ಉರಿದಿದೆ ಎಂಬುದಕ್ಕೆ ಅದೇ ರುಜುವಾತು.

ನಮ್ಮ ಊರ ಹೆಸರಿನಲ್ಲಿ ಸಮುದ್ರವಿದೆಯಲ್ಲ, ಮಕ್ಕಳು ಕೇಳುತ್ತಾರೆ: "ಸಾರ್, ಇಲ್ಲಿ ಸಮುದ್ರ ಇತ್ತಾ?" ಹಿಂದಿನವರು ದೊಡ್ಡ ಕೆರೆಗೆ ಸಮುದ್ರ ಅನ್ನುತ್ತಿದ್ದರು, ಊರಿಗೆ ಹೆಸರು ಬಂದದ್ದು ಹಾಗೆ ಎಂದು ಮೊದಲು ಹೇಳುತ್ತೇವೆ. ಆಮೇಲೆ, ಜಿಲ್ಲೆಯಲ್ಲಿ ಸಮುದ್ರ ಇತ್ತೋ ಅಂದರೆ, ಇತ್ತು ಅನ್ನುತ್ತೇವೆ. ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ ಮರಡಿಹಳ್ಳಿ ಇದೆ. ಅಲ್ಲಿಯ ಬಂಡೆ ನೋಡಿದರೆ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುತ್ತದೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ ಬಂದಾಗ ಹೊರಗಿನ ಚರ್ಮ ತಟ್ಟನೆ ಗಟ್ಟಿಯಾಗಿ, ಒಳಗಿನದು ಉಬ್ಬಿ ಇಂಥ ದಿಂಬುಗಳಾಗುತ್ತವೆ. ನೀರಿಲ್ಲದೆ ಅವು ಆಗುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದ್ದಾರೆ. ವಾಣಿವಿಲಾಸ ಸಾಗರದ ಕಡೆಯ ಸುಣ್ಣದಕಲ್ಲಿನಲ್ಲಿ ಪದರ ಪದರವಾದ ಗುರುತುಗಳಿವೆ. ಕಣ್ಣಿಗೆ ಕಾಣದ ಪಾಚಿಯಂಥ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪೊರೆಯ ಮೇಲೆ ಪೊರೆ ಕಟ್ಟಿ ಬಿಟ್ಟುಹೋದ ಮನೆಗಳು ಅವು. ಸ್ಟ್ರೊಮಾಟೊಲೈಟ್ ಅನ್ನುತ್ತಾರೆ. ಎಲುಬಿಲ್ಲ, ಎಲೆಯಿಲ್ಲ, ಚಿಪ್ಪಿಲ್ಲ. ಆದರೂ ನಮ್ಮ ಜಿಲ್ಲೆಯ ನಿಜವಾದ ಪಳೆಯುಳಿಕೆ ಎಂದರೆ ಅದೇ, ಅದೂ ಲೋಕದ ಬಹು ಹಳೆಯ ಪಳೆಯುಳಿಕೆಗಳ ಸಾಲಿನದು.

ಈಗ ಆ ಬೂದು ಮಣ್ಣಿನ ಕಥೆಗೆ ಬರೋಣ. ಕೆಲವು ವರ್ಷಗಳ ಕೆಳಗೆ ಪುರಾತತ್ವ ಓದಿದ ವಿದ್ವಾಂಸರೊಬ್ಬರು ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಬೀರುವಿನ ಮುಂದೆ ಕುಳಿತರು. ನಾವು ಮೊದಲು ಆ ಹೊಳೆಯುವ ಕೊಡಲಿಯನ್ನೇ ಕೈಗಿಟ್ಟೆವು. ಅವರು ತಿರುಗಿಸಿ ತಿರುಗಿಸಿ ನೋಡಿದರು. "ತುಂಬ ಚೆನ್ನಾಗಿದೆ. ಎಲ್ಲಿ ಸಿಕ್ಕಿತು?" ಅಂದರು.

"ಇಲ್ಲೇ, ಸುತ್ತಮುತ್ತ ಎಲ್ಲೋ."

"ಯಾವ ಹೊಲ? ಎಷ್ಟು ಆಳದಲ್ಲಿ? ಜೊತೆಗೆ ಮಡಕೆ ಚೂರು ಇತ್ತೇ? ಮೂಳೆ ಇತ್ತೇ?"

ನಾವು ಮುಖ ಮುಖ ನೋಡಿಕೊಂಡೆವು. ತಂದುಕೊಟ್ಟ ರೈತರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಹೊಲ ಒಂದು ಕಡೆ ಇರಲಿಲ್ಲ, ಮೂರು ಕಡೆ ಇತ್ತು. ಒಂದನ್ನು ಜೆಸಿಬಿ ಹಾಕಿ ಸಮ ಮಾಡಿ ಆಗಿತ್ತು. ಯಾವ ಹೊಲವೆಂದು ಕೇಳೋಣವೆಂದರೆ ಮಕ್ಕಳಿಗೂ ಗೊತ್ತಿಲ್ಲ. ಕೊನೆಗೆ ಹೇಳಿದೆವು: ಸಾರ್, ಬೂದು ಬಣ್ಣದ ಮಣ್ಣು ಹತ್ತಿತ್ತು. ಅವರು ಸಟ್ಟನೆ ತಲೆ ಎತ್ತಿದರು. "ಆ ಮಣ್ಣು ಇದೆಯೇ?" ಅಂದರು. ತೊಳೆದೆವು ಅಂದೆವು.

ಅವರು ಬೈಯಲಿಲ್ಲ. ಕೊಡಲಿಯನ್ನು ಮೆಲ್ಲಗೆ ಕೆಂಪು ಬಟ್ಟೆಯ ಮೇಲೆ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬಳ್ಳಾರಿ ಹೊಸಪೇಟೆ ರಸ್ತೆಯ ಕುಡಿತಿನಿಯಲ್ಲಿ ದೊಡ್ಡ ಬೂದಿ ದಿಬ್ಬ ಇದೆ. ಇಂಥ ದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಜಾಗ ಅಂತ ಜನ ಹೇಳಿಕೊಂಡು ಬಂದಿದ್ದರು. ಹಂಪಿಯ ಹತ್ತಿರ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅಗೆದು, ಅಳೆದು, ಪರೀಕ್ಷೆ ಮಾಡಿ ನೋಡಿದ ಮೇಲೆ ಗೊತ್ತಾದದ್ದು, ಅದು ಕಲ್ಲಿನ ಕೊಡಲಿಯ ಕಾಲದ ದನಗಾಹಿಗಳು ಕೂಡಿಹಾಕಿ ಸುಟ್ಟ ಸಗಣಿಯ ಬೂದಿ. ನಮ್ಮ ಕೊಡಲಿಗೆ ಹತ್ತಿದ್ದ ಮಣ್ಣು ಅಂಥ ಬೂದಿಯೇ ಆಗಿತ್ತೋ, ಬರೀ ಕೆರೆಯ ಹೂಳೋ, ಈಗ ಯಾರೂ ಹೇಳಲಾರರು. ನಾವು ಅದನ್ನು ಬಚ್ಚಲಿನ ನೀರಿನ ಜೊತೆ ಹರಿಯಬಿಟ್ಟೆವು.

ಅಂದಿನಿಂದ ನಮಗೆ ಒಂದು ಮಾತು ಮನವರಿಕೆಯಾಯಿತು. ಅದನ್ನು ಹೇಳಲಿಕ್ಕೇ ಇಲ್ಲಿ ನಿಂತಿದ್ದೇವೆ. ಕಲ್ಲಿನ ಬೆಲೆ ಕಲ್ಲಿನಲ್ಲಿಲ್ಲ, ಅದರ ವಿಳಾಸದಲ್ಲಿದೆ. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು, ಯಾವತ್ತು ಸಿಕ್ಕಿತು, ಜೊತೆಗೆ ಏನಿತ್ತು. ಈ ನಾಲ್ಕು ಬರೆಯದೆ ಇಟ್ಟ ಕಲ್ಲು ಎಷ್ಟೇ ಹೊಳೆದರೂ ಅನಾಥ. ಸಂಘದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಕಟ್ಟಿದ ಷೇರು ಹಣ ಲೆಡ್ಜರಿಗೆ ಹತ್ತದೆ, ರಸೀದಿ ಇಲ್ಲದೆ ಬೀರುವಿನಲ್ಲಿ ಬಿದ್ದಿದ್ದರೆ ಆಡಿಟಿನವರು ಬಂದಾಗ ಅದು ಯಾರ ಹಣ? ನೋಟು ನಿಜವಾದದ್ದೇ, ಆದರೆ ಲೆಕ್ಕಕ್ಕೆ ಬಾರದ್ದು. ನಮ್ಮ ಬೀರುವಿನ ಕಲ್ಲುಗಳ ಗತಿಯೂ ಹಾಗೇ ಆಯಿತು.

ಇದನ್ನು ಸರಿಯಾಗಿ ಮಾಡಿದವರೊಬ್ಬರು ನಮ್ಮ ಪಕ್ಕದ ಸೀಮೆಯಲ್ಲೇ ಓಡಾಡಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ ಎಂದು ಅವರ ಹೆಸರು. 1834ರಲ್ಲಿ ಹುಟ್ಟಿದವರು. 1858ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸಕ್ಕೆ ಮದರಾಸಿಗೆ ಬಂದರು. 1863ರ ಮೇ 30ರಂದು ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಒಂದು ಕಲ್ಲಿನ ಹತಾರ ಹೆಕ್ಕಿದರು. ನಮ್ಮ ದೇಶದ ಪ್ರಾಗಿತಿಹಾಸದ ಓದು ಶುರುವಾದದ್ದು ಆ ಕಲ್ಲಿನಿಂದ ಎನ್ನುತ್ತಾರೆ. ಸರ್ಕಾರಕ್ಕೆ ಬೇಕಾದದ್ದು ಬಂಡೆ, ಅದಿರು, ನಕ್ಷೆ. ಆ ಕೆಲಸ ಮಾಡುತ್ತಲೇ ಬಳ್ಳಾರಿ, ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳನ್ನೆಲ್ಲಾ ಸುತ್ತಿ ಕಲ್ಲಿನ ಕೊಡಲಿ, ಮಡಕೆ ಚೂರುಗಳನ್ನು ಸ್ವಂತಕ್ಕೆ ಕೂಡಿಸಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಮೊದಲಿಗೆ ಅದನ್ನು ನಡೆಸಿದವರೂ ಅವರೇ. ಒಟ್ಟಿನಲ್ಲಿ ಅದು ಒಬ್ಬ ಮನುಷ್ಯನ ಖಾಸಗಿ ಕಲ್ಲಿನ ಮನೆ. ನಮ್ಮದಕ್ಕೂ ಅದಕ್ಕೂ ಆನೆಗೂ ಇಲಿಗೂ ಇದ್ದಷ್ಟು ಅಂತರ, ಆದರೆ ಜಾತಿ ಒಂದೇ.

1904ರಲ್ಲಿ ಆ ಸಂಗ್ರಹ ಮದರಾಸು ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಸೇರಿತು. ಫೂಟ್ 1912ರಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಪಟ್ಟಿ 1914ರಲ್ಲಿ ಅಚ್ಚಾಯಿತು, ಟಿಪ್ಪಣಿಗಳ ಸಂಪುಟ 1916ರಲ್ಲಿ. ಆ ಪಟ್ಟಿ ಏನೆಂದುಕೊಂಡಿರಿ? ನಮ್ಮ ಕಾರ್ಯದರ್ಶಿಗಳ ಲೆಡ್ಜರೇ. ಜಿಲ್ಲೆ, ಊರು, ವಸ್ತು, ಅದಕ್ಕೊಂದು ಸಂಖ್ಯೆ. ಆದ್ದರಿಂದಲೇ ನೂರು ವರ್ಷ ಕಳೆದ ಮೇಲೂ ವಿದ್ವಾಂಸರು ಆ ಪುಸ್ತಕ ಹಿಡಿದು ಇದೇ ಸೀಮೆಯ ಗುಡ್ಡಗಳಿಗೆ ಮತ್ತೆ ಬರಲು ಸಾಧ್ಯವಾಯಿತು. ಈಗ ಬಳ್ಳಾರಿಯಲ್ಲಿ ಅವರ ಹೆಸರಿನದೇ ಒಂದು ಪುರಾತತ್ವ ವಸ್ತು ಸಂಗ್ರಹಾಲಯವಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಬಳ್ಳಾರಿಯವರೆಗೂ ಯಾಕೆ, ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯೇ ಇದೆ. ಅಲ್ಲಿ 1940ರ ಆಚೀಚೆ ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ವೀಲರ್ ಮಣ್ಣನ್ನು ಪದರ ಪದರವಾಗಿ ಬಿಡಿಸಿ, ಯಾವ ಪದರದಲ್ಲಿ ಏನು ಸಿಕ್ಕಿತು ಎಂದು ಬರೆದರು. ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿಯ ಜನ, ಅದರ ಮೇಲೆ ದೊಡ್ಡ ಕಲ್ಲು ನಿಲ್ಲಿಸಿ ಸಮಾಧಿ ಕಟ್ಟಿದ ಕಬ್ಬಿಣದ ಜನ, ಅದರ ಮೇಲೆ ಸಾತವಾಹನರ ಕಾಲದವರು. ದಕ್ಷಿಣ ಭಾರತದ ಹಳೆಯ ಕಾಲಕ್ಕೆ ಒಂದು ಏಣಿ ಸಿಕ್ಕಿದ್ದು ನಮ್ಮ ಸಿದ್ದಾಪುರ, ರೊಪ್ಪದ ಹೊಲಗಳ ಅಂಚಿನಲ್ಲಿ.

ಇನ್ನೊಂದು ಸಂಗತಿ ಕೇಳಿ. ವೀಲರ್ ಲೆಕ್ಕ ತಪ್ಪಾಗಿತ್ತು! ಕೊಡಲಿಯ ಜನರನ್ನು ಅವರು ಕ್ರಿಸ್ತಪೂರ್ವ ಒಂದು ಸಾವಿರ ವರ್ಷದ ಈಚಿನವರು ಎಂದುಕೊಂಡಿದ್ದರು. ಆಮೇಲೆ ಬೇರೆ ಬೇರೆ ಕಡೆ ಸಿಕ್ಕ ಇದ್ದಿಲನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವರು ಇನ್ನೂ ಒಂದೂವರೆ ಎರಡು ಸಾವಿರ ವರ್ಷ ಹಿಂದಿನವರು ಎಂದು ತಿಳಿಯಿತು. ಆದರೂ ವೀಲರ್ ಕೆಲಸ ಹಾಳಾಗಲಿಲ್ಲ. ಪದರದ ಲೆಕ್ಕ ಬರೆದಿದ್ದರಲ್ಲ, ತಾರೀಖನ್ನು ಮಾತ್ರ ತಿದ್ದಿಕೊಂಡರು. ಬರೆದಿಟ್ಟದ್ದು ತಪ್ಪಾದರೂ ತಿದ್ದಬಹುದು. ಬರೆಯದೆ ಇಟ್ಟದ್ದನ್ನು ತಿದ್ದಲೂ ಬಾರದು.

ಅದೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ನಿಮಗೆಲ್ಲಾ ಗೊತ್ತು. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯದನ್ನು ಜನ ಅಕ್ಷರಗುಂಡು ಅನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೇ ಅಂಗಡಿ ಹೂಡುತ್ತಿದ್ದರು. ಅಲ್ಲಿಯ ಅಕ್ಷರ ಬಹಳ ಸವೆದಿದೆ. ಬಳೆಗಾರರಿಗೆ ಶಾಸನದ ಮೇಲೆ ಹಗೆಯೇನೂ ಇರಲಿಲ್ಲ, ಅವರಿಗೆ ತಿಳಿದಿರಲಿಲ್ಲ ಅಷ್ಟೇ. ನಾವು ಹುಣಿಸೆಹಣ್ಣು ಹಾಕಿ ಬೆಳಗಿದೆವಲ್ಲ, ಹಾಗೆ. ಪ್ರಪಂಚದಲ್ಲಿ ಇಂಥವು ಹಾಳಾಗುವುದು ಕೆಟ್ಟ ಮನಸ್ಸಿಗಿಂತ ತಿಳಿಯದ ಒಳ್ಳೆ ಮನಸ್ಸಿನಿಂದಲೇ ಹೆಚ್ಚು.

ಆ ಶಾಸನದ ಕೊನೆಗೆ ಬರೆದವನು ತನ್ನ ಹೆಸರು ಹಾಕಿದ್ದಾನೆ. ಚಪಡ ಎಂದು ಹೆಸರು, ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಚಕ್ರವರ್ತಿಯ ಆಜ್ಞೆಯ ಜೊತೆ ಒಬ್ಬ ಕೆಲಸಗಾರನ ಹೆಸರು ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೇಲೆ ಉಳಿದು ಬಂದಿದೆ. ಎಲ್ಲರಿಗೂ ಆ ಅದೃಷ್ಟವಿಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತೀರದಲ್ಲಿ ಮೇರಿ ಆ್ಯನಿಂಗ್ ಎಂಬ ಬಡಗಿಯ ಮಗಳಿದ್ದಳು. 1811-12ರಲ್ಲಿ, ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ಅಣ್ಣನ ಜೊತೆ ಇಕ್ತಿಯೋಸಾರ್ ಎಂಬ ಸಮುದ್ರ ಸರೀಸೃಪದ ಪಳೆಯುಳಿಕೆ ಹೊರತೆಗೆದಳು. ಮುಂದೆ ಜೀವನವೆಲ್ಲಾ ಅದನ್ನೇ ಮಾಡಿ ಹೊಟ್ಟೆ ಹೊರೆದಳು. ಕೊಂಡ ಶ್ರೀಮಂತರ, ಪುಸ್ತಕ ಬರೆದ ಪಂಡಿತರ ಹೆಸರು ಉಳಿಯಿತು. ಹುಡುಕಿದವಳ ಹೆಸರನ್ನು ಎಷ್ಟೋ ಕಡೆ ಬರೆಯಲೇ ಇಲ್ಲ. ನಮ್ಮ ಬೀರುವಿನಲ್ಲೂ ನಾವು ಅದೇ ಅನ್ಯಾಯ ಮಾಡಿದ್ದೇವೆ. ಚೀಟಿಯಲ್ಲಿ 'ಸಂಗ್ರಹ: ಮೇಷ್ಟ್ರು' ಎಂದಿದೆ. ಕುರಿ ಕಾಯುತ್ತಾ ಬಿಸಿಲಲ್ಲಿ ಬಗ್ಗಿ ಎತ್ತಿದವನು ಯಾರೆಂದು ಇಲ್ಲ.

ಬಂಧುಗಳೇ, ಈಗ ಕಾಲ ಕೆಟ್ಟಿದೆ ಅಂತ ಹೇಳುವುದಿಲ್ಲ, ವೇಗ ಹೆಚ್ಚಿದೆ. ಸಂಗನಕಲ್ಲಿನ ಗುಡ್ಡಕ್ಕೇ ಕಲ್ಲುಗಣಿಯಿಂದ ಏಟು ಬಿದ್ದಿದೆ. ಎತ್ತಿನ ನೇಗಿಲು ಒಂದು ಕೊಡಲಿಯನ್ನು ಮೇಲೆತ್ತಿ ಬಿಡುತ್ತಿತ್ತು. ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಇಡೀ ದಿಬ್ಬವನ್ನೇ ಟ್ರ್ಯಾಕ್ಟರಿಗೆ ತುಂಬಿ ರಸ್ತೆಗೆ ಸುರಿಯುತ್ತದೆ. ಹೊಲ ಸಮ ಮಾಡಬೇಡಿ ಎಂದು ನಾವು ಹೇಳಲಾರೆವು. ಹೊಟ್ಟೆಪಾಡು ಎಲ್ಲಕ್ಕಿಂತ ಮುಂದು. ಮಾಡುವ ಮೊದಲು ಒಮ್ಮೆ ನೋಡಿ ಎಂದಷ್ಟೇ ಕೇಳುತ್ತೇವೆ.

ಇನ್ನೊಂದು ಕಡೆ ವ್ಯಾಪಾರ. ಒಬ್ಬರು ಕಾರಿನಲ್ಲಿ ಬಂದು, ಕೊಡಲಿಗಳನ್ನೆಲ್ಲಾ ಒಟ್ಟಿಗೆ ಕೊಡಿ ಎಂದು ನೋಟಿನ ಕಟ್ಟು ಮೇಜಿನ ಮೇಲಿಟ್ಟರು. ನಿಜ ಹೇಳುತ್ತೇವೆ, ಟೀಚರಮ್ಮನ ಕಣ್ಣಿನ ಆಪರೇಷನ್ನಿಗೆ ಹಣ ಹೊಂದಿಸುತ್ತಿದ್ದ ಕಾಲ ಅದು. ಒಂದು ಗಳಿಗೆ ಮನಸ್ಸು ಅಲ್ಲಾಡಿತು. ಆಕೆಯೇ ಒಳಗಿನಿಂದ ಬಂದು, "ಊರಿನವರು ನಂಬಿ ಕೊಟ್ಟದ್ದು, ನಮ್ಮದಲ್ಲ" ಅಂದು ಬೀರುವಿನ ಬೀಗ ಹಾಕಿದರು. ಕಾನೂನೂ ಅದನ್ನೇ ಹೇಳುತ್ತದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಇಂಥವನ್ನು ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ರಕ್ಷಿತ ಸ್ಮಾರಕಗಳ ಜಾಗದಿಂದ ಒಂದು ಚೂರನ್ನೂ ಎತ್ತಿಕೊಂಡು ಬರುವಂತಿಲ್ಲ.

ನಮಗೂ ವಯಸ್ಸಾಯಿತು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಎರಡು ಕೋಣೆಯ ಬಾಡಿಗೆ ಮನೆ. ಈ ಕಲ್ಲುಗಳು ಅವರಿಗೆ ಹೊರೆ. ಆದ್ದರಿಂದ ನಾವಿಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಕೊಡಲಿ, ಮಡಕೆ ಚೂರು ಮೊದಲಾದ ಮನುಷ್ಯರ ಕೈಯ ಹಳೆಯ ವಸ್ತುಗಳನ್ನೆಲ್ಲಾ ಪಟ್ಟಿ ಮಾಡಿ ಪುರಾತತ್ವ ಇಲಾಖೆಗೆ ಒಪ್ಪಿಸುತ್ತ��ವೆ. ಅವು ಇರಬೇಕಾದ ಜಾಗ ಅದು. ಅವುಗಳ ಫೋಟೋ, ಪಟ್ಟಿಯ ನಕಲು ಊರಿನಲ್ಲಿ ಉಳಿಯುತ್ತವೆ. ಅದಿರು, ಕಾಗೆಬಂಗಾರ, ಅರಿಯಲೂರಿನ ಚಿಪ್ಪು, ಎಲೆಯಲ್ಲದ ಎಲೆಯ ಕಲ್ಲು, ಕಿಟ್ಟ, ಇವನ್ನೆಲ್ಲಾ ಶಾಲೆಗೆ ಕೊಡುತ್ತೇವೆ. ತಪ್ಪು ಚೀಟಿಗಳನ್ನೂ ಜೊತೆಗೇ ಕೊಡುತ್ತೇವೆ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು.

ಸಂಘವನ್ನು ನಾವು ಬೇಡುವುದು ಒಂದೇ. ಹಣವಲ್ಲ, ಜಾಗವಲ್ಲ. ಕಚೇರಿಯ ಮೇಜಿನ ಮೇಲೆ ಒಂದು ದಪ್ಪ ರಟ್ಟಿನ ಪುಸ್ತಕ ಇಡಿ. ಸಾಲಕ್ಕೆ, ಗೊಬ್ಬರಕ್ಕೆ ಎಲ್ಲ ಹಳ್ಳಿಯವರೂ ಇಲ್ಲಿಗೆ ಬರುತ್ತಾರೆ. ಯಾರಿಗಾದರೂ ಹೊಲದಲ್ಲಿ, ಗುಡ್ಡದಲ್ಲಿ ವಿಶೇಷವಾದದ್ದು ಕಂಡರೆ ತೊಳೆಯಬೇಡಿ, ಅಗೆಯಬೇಡಿ, ಎತ್ತಬೇಡಿ. ಇದ್ದ ಕಡೆಯೇ ಬಿಟ್ಟು, ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವಿಟ್ಟು ಅಳತೆ ತಿಳಿಯುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇಲ್ಲಿ ಬಂದು ಬರೆಸಿ: ಸರ್ವೆ ನಂಬರು, ತಾರೀಖು, ಏನು ಕಂಡಿತು, ಜೊತೆಗೆ ಏನಿತ್ತು, ಕಂಡವರ ಹೆಸರು. ಹೆಸರನ್ನು ಮಾತ್ರ ಮರೆಯಬೇಡಿ. ಕುರಿ ಹುಡುಗನಾದರೆ ಕುರಿ ಹುಡುಗನ ಹೆಸರು, ಕಳೆ ಕೀಳುವ ತಾಯಿಯಾದರೆ ಆ ತಾಯಿಯ ಹೆಸರು. ಅಲ್ಲಿಂದ ಇಲಾಖೆಗೆ ಒಂದು ಕಾಗದ ಬರೆದರೆ ಸಂಘದ ಕೆಲಸ ಮುಗಿಯಿತು.

ಪುಸ್ತಕದ ಮೊದಲನೇ ಪುಟವನ್ನು ನಾವೇ ಬರೆದು ತಂದಿದ್ದೇವೆ, ಅಧ್ಯಕ್ಷರ ಕೈಗೆ ಕೊಡುತ್ತಿದ್ದೇವೆ. ಒಂದನೇ ನಂಬರು: ಕರಿಕಲ್ಲಿನ ಕೊಡಲಿ. ಸಿಕ್ಕಿದ ಜಾಗ: ಗೊತ್ತಿಲ್ಲ. ಜೊತೆಗಿದ್ದದ್ದು: ಬೂದು ಮಣ್ಣು, ತೊಳೆದುಹೋಗಿದೆ. ತೊಳೆದವರು: ನಾವು. ಎರಡನೇ ನಂಬರಿನಿಂದ ಹೀಗಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಸಾರು ಆರುವುದರೊಳಗೆ ಮಾತು ಮುಗಿಸುತ್ತೇವೆ.  ಸಂಘ ಇನ್ನೂ ನೂರು ಕಾಲ ಬಾಳಲಿ.